ಐವತ್ತಾರು ತುಂಬಿದ ಮೇಲೆ

ಐವತ್ತಾರು ತುಂಬಿದ ತಿಂಗಳ ಕೊನೆಗೆ ನಾನು ಬಂದ್ಯೋಡಿನ ಬಳಿಯ ಆರೋಗ್ಯ ಉಪಕೇಂದ್ರದ ನರ್ಸ್ ಕೆಲಸದಿಂದ ನಿವೃತ್ತಳಾದೆ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ಮಂಗಳೂರಿನ ಸರಕಾರಿ ಕಚೇರಿಯಲ್ಲಿದ್ದಾಳೆ. ನಮ್ಮ ಕೇರಳದಲ್ಲಿ ಐವತ್ತಾರಕ್ಕೇ ನಿವೃತ್ತಿ, ಕರ್ನಾಟಕದಲ್ಲಿ ಅರುವತ್ತರವರೆಗೆ ಕೆಲಸ. ಮರುದಿನ ಬೆಳಿಗ್ಗೆ ಅವಳ ಫೋನ್.

"ನಾನು ಬಸ್ಸಿಗೆ ಕಾಯ್ತಾ ಇದ್ದೇನೆ. ನಿನಗೆ ಇವತ್ತು ಎಂತ ಕೆಲಸ ಉಂಟು?"

"ಎಂತ ಇಲ್ಲ" ಎಂದೆ.

ನಿವೃತ್ತಿ ವಯಸ್ಸು ಏರಿಸಬೇಕೆಂದು ನಾವು ಸಹೋದ್ಯೋಗಿಗಳು ಮಾತಾಡಿಕೊಳ್ಳುತ್ತಿದ್ದೆವು. ಜನ ಈಗ ಎಂಬತ್ತು ದಾಟಿ ಬದುಕುತ್ತಾರೆ, ಐವತ್ತಾರಕ್ಕೇ ಮನೆಗೆ ಕಳಿಸುವುದೇಕೆ ಎಂಬುದು ನಮ್ಮ ವಾದ. ಅದು ನನ್ನ ಕಣ್ಣೆದುರೇ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಚುಚ್ಚುಮದ್ದಿನ ದಿನ ಜಗಲಿ ತುಂಬ ಶಿಶುಗಳ ಅಳು. ಕೊನೆಕೊನೆಗೆ ಅದೇ ಬೆಂಚಿನಲ್ಲಿ ಬಿ.ಪಿ. ನೋಡಿಸಲು ಬಂದ ಮುದುಕರೇ ಹೆಚ್ಚು.

ನನ್ನ ಜಾಗಕ್ಕೆ ಬಂದವಳು ಕೇರಳದ ತೆಂಕು ಭಾಗದವಳು, ಮೂವತ್ತೈದು ದಾಟಿದ್ದಳು. ಮಲಯಾಳ ಮಾತ್ರ ಗೊತ್ತು. ಇಲ್ಲಿಯ ಎಷ್ಟೋ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರಿಗೆ ತುಳು ಬಿಟ್ಟರೆ ಬೇರೆ ಮಾತು ಬಾರದು. ಸ್ವಲ್ಪ ದಿನದಲ್ಲೇ ಅವಳು ನಮ್ಮ ಮನೆಗೆ ಬಂದು, "ಚೇಚಿ, ಮನೆ ಭೇಟಿಗೆ ನನ್ನ ಜೊತೆ ಬರ್ತೀರಾ?" ಎಂದು ಅಕ್ಕನನ್ನು ಕರೆಯುವ ಹಾಗೆ ಕರೆದು ಕೇಳಿದಳು. ಹೋದೆ.

ದಾರಿಯಲ್ಲಿ ತನ್ನ ಕತೆ ಹೇಳಿದಳು. ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮೇಲೂ ಖಾಲಿ ಹುದ್ದೆಗಾಗಿ ಕಾದು ಕೂತಿದ್ದಳಂತೆ. "ನಿವೃತ್ತಿ ವಯಸ್ಸು ಏರಿಸಿದ್ದರೆ ಹುದ್ದೆ ಖಾಲಿಯಾಗುವ ಮೊದಲೇ ಪಟ್ಟಿಯ ಅವಧಿ ಮುಗಿದು ಹೋಗ್ತಿತ್ತು ಚೇಚಿ." ನನ್ನ ವಾದ ತಪ್ಪೆಂದು ನನಗೆ ಆಗಲೂ ಅನಿಸಲಿಲ್ಲ. ಮೊದಲ ಮನೆಯ ದಾರಿ ತೋರಿಸುತ್ತ ಮುಂದೆ ನಡೆದೆ.

ಆ ದಿನ ನೋಡಿದ ಅಜ್ಜನಿಗೆ ಬೆನ್ನಿನಲ್ಲಿ ಹುಣ್ಣಾಗಿತ್ತು. ಅವಳು ಡ್ರೆಸ್ಸಿಂಗ್ ಮಾಡುವಾಗ ನಾನು ತುಳುವಿನಲ್ಲಿ ಮಾತಾಡಿಸುತ್ತಿದ್ದೆ. ನನಗೆ ಐವತ್ತಾರು ಪ್ರಾಯ ಆಯಿತೆಂದು ಕೆಲಸ ಬಿಡಿಸಿದರು ಎಂದಾಗ ಅಜ್ಜ ಕತ್ತು ತಿರುಗಿಸಿ ನೋಡಿದರು.

"ಐವತ್ತಾರು ಒಂದು ಪ್ರಾಯವಾ ಮಾರಾಯ್ತಿ? ನನ್ನ ಸಣ್ಣ ಮಗಳಿಗೇ ಅದಕ್ಕಿಂತ ಹೆಚ್ಚಾಯ್ತು."

ಅವಳಿಗೆ ಅನುವಾದಿಸಿ ಹೇಳಿದೆ. ಇಬ್ಬರೂ ನಕ್ಕೆವು.

ಹೀಗೆ ಜೊತೆಗೆ ಹೋಗುತ್ತಾ ವರ್ಷ ಕಳೆಯುವುದರೊಳಗೆ ಅವಳು ತುಳು ಕಲಿತಳು. ಎಲ್ಲಿ ನೋವು, ನಿದ್ದೆ ಬಂತಾ, ಗಂಜಿ ಕುಡಿದಿರಾ ಎಂದು ತಾನೇ ಕೇಳತೊಡಗಿದಳು. ಉಚ್ಚಾರ ವಿಚಿತ್ರ, ಆದರೂ ಮುದುಕರಿಗೆ ಅದೇ ಖುಷಿ. ಒಂದು ಬೆಳಿಗ್ಗೆ ಫೋನ್ ಮಾಡಿ, "ಇನ್ನು ನಿಮಗೆ ಕಷ್ಟ ಕೊಡುವುದಿಲ್ಲ ಚೇಚಿ, ನಾನೇ ಹೋಗ್ತೇನೆ" ಎಂದಳು.

ಒಳ್ಳೆಯದಾಯಿತು ಎಂದೆ. ಭೇಟಿಗೆಂದು ಸೀರೆ ಉಟ್ಟು ಹೊರಟಾಗಿತ್ತು. ಹಾಗೆಯೇ ಬಂದ್ಯೋಡು ಪೇಟೆಗೆ ಹೋಗಿ ಮೀನು ತಂದೆ.