ಅಚಿಯೆಂಗಳಿಗೆ ನಾನು ಹೇಳಿಕೊಟ್ಟ ಉತ್ತರ

ನೈರೋಬಿಯಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ, ಜಿಟಿಜಿಟಿ ಮಳೆ. ಆಫ್ರಿಕಾ ಅಂದರೆ ಸೆಖೆ ಎಂದುಕೊಂಡು ಸ್ವೆಟರನ್ನು ಮೈಸೂರಿನಲ್ಲೇ ಬಿಟ್ಟು ಬಂದಿದ್ದೆ. ಗಡಗಡ ನಡುಗಿದೆ. ಕಿಲಿಮಾನಿಯಲ್ಲಿರುವ ತಂಗಿ ಸುಧಾಳ ಮನೆಗೆ ಟ್ಯಾಕ್ಸಿಗೆ ಸಾವಿರದ ಇನ್ನೂರು ಶಿಲ್ಲಿಂಗ್ ಆಯಿತು. "ಅಕ್ಕಾ, ಹದಿನೈದು ದಿನ ಯಾರಿಗೂ ಪಾಠ ಮಾಡ್ಬೇಡ, ರೆಸ್ಟ್ ತಗೋ," ಎಂದಳು. ಮೂವತ್ತು ವರ್ಷ ಶಾಲೆ ನಡೆಸಿದವಳಿಗೆ ಸುಮ್ಮನಿರುವುದು ಎಲ್ಲಿ ಬರಬೇಕು!

ಮೂರನೇ ದಿನ ಅಚಿಯೆಂಗ್ ಪರಿಚಯವಾದಳು. ಇಪ್ಪತ್ತನಾಲ್ಕರ ಹುಡುಗಿ. ಲ್ಯಾವಿಂಗ್ಟನ್‌ನ ಖಾಸಗಿ ಶಾಲೆಯೊಂದರಲ್ಲಿ ಈಜು ಕಲಿಸುತ್ತಾಳೆ, ಸುಧಾಳ ಮಗನಿಗೂ ಅವಳೇ ಗುರು. ಅಮೆರಿಕದ ಬೇಸಿಗೆ ಶಿಬಿರವೊಂದು ಅವಳನ್ನು ಒಂಬತ್ತು ವಾರಕ್ಕೆ ಆರಿಸಿಕೊಂಡಿತ್ತು. ಕಾಡಿನ ನಡುವೆ ಒಂದು ಕೆರೆ, ಹಗಲೆಲ್ಲ ಅಲ್ಲಿ ಮಕ್ಕಳಿಗೆ ಈಜು ಹೇಳಿಕೊಡಬೇಕು, ರಾತ್ರಿ ಅವರ ಜೊತೆಗೇ ಮಲಗಬೇಕು. ವೀಸಾ ಸಂದರ್ಶನವೊಂದೇ ಬಾಕಿ.

"ಅಲ್ಲಮ್ಮಾ, ಬೇರೆಯವರ ಮಕ್ಕಳನ್ನ ನೋಡ್ಕೊಳ್ಳೋಕೆ ಅಷ್ಟು ದೂರ ಯಾಕೆ?" ಎಂದೆ, ನನಗೆ ಬರುವ ಇಂಗ್ಲಿಷಿನಲ್ಲಿ.

"ಐದು ವರ್ಷದಿಂದ ಕಲಿಸ್ತಿದ್ದೀನಿ ಆಂಟಿ. ನೀನು ಈಜೋದು ತೋರಿಸು ಅಂತ ಇಲ್ಲಿ ಯಾರೂ ಕೇಳಿಲ್ಲ. ಅವರು ವಿಡಿಯೋ ಕೇಳಿದ್ರು. ನೋಡಿ, ತೋಳು ಬೀಸೋ ರೀತಿ ತುಂಬಾ ಚೆನ್ನಾಗಿದೆ ಅಂತ ಬರೆದ್ರು."

ಇನ್ನೊಂದು ಕಾರಣವೂ ಇತ್ತು. ಶಾಲೆಯಲ್ಲಿ ಮುಖ್ಯ ತರಬೇತುದಾರರ ಜಾಗ ಖಾಲಿಯಾಗಲಿತ್ತು. ಹೊರದೇಶದಲ್ಲಿ ಕಲಿಸಿ ಬಂದವರಿಗೇ ಅದು ಎಂದು ಆಡಳಿತದವರು ಹೇಳಿದ್ದರು. ಅದು ಸಿಕ್ಕರೆ ಅವಳ ನಾಲ್ಕು ವರ್ಷದ ಮಗಳು ನೀಮಾಗೆ ಅದೇ ಶಾಲೆಯಲ್ಲಿ ಫೀಸಿಲ್ಲದ ಸೀಟು. ಈ ಬೇಸಿಗೆ ತಪ್ಪಿದರೆ ಆ ಜಾಗ ಬೇರೆಯವರ ಪಾಲು.

ಮರುದಿನ ಮಟಾಟುವಿನಲ್ಲಿ ಪಂಗಾನಿಯ ಅವಳ ಮನೆಗೆ ಹೋದೆ. ಆ ವ್ಯಾನಿನ ಹಾಡಿನ ಅಬ್ಬರಕ್ಕೆ ಕಿವಿ ತೂತಾಗುವುದೊಂದು ಬಾಕಿ. ಮೂರನೇ ಮಹಡಿಯಲ್ಲಿ ಅಚಿಯೆಂಗ್, ಅವಳ ತಾಯಿ, ಮಗು, ಮೂವರಿಗೂ ಸೇರಿ ಒಂದೇ ಕೋಣೆ. ಹಾಲಿನ ಚಹಾ, ನಮ್ಮ ಮಂಗಳೂರು ಬನ್ಸಿನಂಥ ಬಿಸಿ ಮಂಡಾಜಿ ಕೊಟ್ಟರು. ಸಂದರ್ಶನದ ಅಭ್ಯಾಸಕ್ಕೆಂದು ನಾನು ಕುರ್ಚಿಯಲ್ಲಿ ಕೂತು ವೀಸಾ ಅಧಿಕಾರಿಯಾದೆ. ನೀಮಾ ಮಂಚದ ಮೇಲೆ ಕಾಲಾಡಿಸುತ್ತಾ ನಮ್ಮನ್ನೇ ನೋಡುತ್ತಿದ್ದಳು.

"ನಿನಗೆ ಇಲ್ಲಿ ಯಾರಿದ್ದಾರೆ?"

"ಮಗಳಿದ್ದಾಳೆ..."

"ಅಯ್ಯೋ, ಬೇಡ ಬೇಡ!" ಎಂದೆ. "ಮಗು ಇದೆ ಅಂದ್ರೆ ಯಾರು ಕೆಲಸಕ್ಕೆ ತಗೋತಾರೆ? ಯಾರೂ ಇಲ್ಲ, ಯಾವ ಜವಾಬ್ದಾರಿನೂ ಇಲ್ಲ ಅನ್ನು."

ನಮ್ಮ ಶಾಲೆಗೆ ಟೀಚರುಗಳನ್ನು ನಾನು ಆರಿಸಿದ್ದೇ ಹಾಗೆ. ಕೈಗೂಸಿದೆ ಎಂದವಳ ಅರ್ಜಿ ಕಟ್ಟಿನ ಅಡಿಗೆ ಹೋಗುತ್ತಿತ್ತು. ಅಚಿಯೆಂಗ್ ಮಗಳ ಕಡೆ ಒಮ್ಮೆ ನೋಡಿದಳು. ಆಮೇಲೆ ನಾನು ಹೇಳಿದಂತೆಯೇ ಹೇಳಿದಳು. ತಡವರಿಸಬಾರದೆಂದು ಹತ್ತು ಸಲ ಹೇಳಿಸಿದೆ.

ಸಂದರ್ಶನದ ದಿನ ಅಮೆರಿಕದ ರಾಯಭಾರ ಕಚೇರಿಗೆ ನಾನೂ ಜೊತೆಗೆ ಹೋದೆ. ಪಂಗಾನಿಯಿಂದ ಹತ್ತು ಕಿಲೋಮೀಟರ್, ಮಟಾಟುವಿಗೆ ಎಂಬತ್ತು ಶಿಲ್ಲಿಂಗ್. ಸಾಲಿನಲ್ಲಿ ಶಿಬಿರಕ್ಕೆ ಹೊರಟ ಇನ್ನೂ ಐದಾರು ಮಂದಿ ಇದ್ದರು. ಒಬ್ಬನನ್ನು ಯಾಕಪ್ಪಾ ಎಂದು ಕೇಳಿದರೆ ಹಿಮ ನೋಡಬೇಕು ಎಂದ. ಬೇಸಿಗೆಯಲ್ಲಿ ಹಿಮ ಎಲ್ಲಿಂದ ಬರಬೇಕು ಮಾರಾಯ ಎಂದು ನಕ್ಕುಬಿಟ್ಟೆ. ಅಚಿಯೆಂಗ್ ಕೂಡ ನಕ್ಕಳು. ಅವಳು ಒಳಗೆ ಹೋದ ಮೇಲೆ ರಸ್ತೆಯಾಚೆಯ ಚಹಾದಂಗಡಿಯಲ್ಲಿ ಕಾದೆ.

ಎರಡು ಗಂಟೆಯ ನಂತರ ಒಂದು ಹಾಳೆ ಹಿಡಿದು ಬಂದಳು. ವೀಸಾ ಇಲ್ಲ.

"ಏನು ಕೇಳಿದ್ರು?"

"ಇಲ್ಲಿ ಯಾರಿದ್ದಾರೆ ಅಂದ್ರು. ಯಾರೂ ಇಲ್ಲ ಅಂದೆ. ಹಾಗಾದ್ರೆ ವಾಪಸ್ ಯಾಕೆ ಬರ್ತೀಯ ಅಂದ್ರು. ಶಾಲೆ ವಿಷಯ ಹೇಳೋಷ್ಟರಲ್ಲಿ ಹಾಳೆ ಕೊಟ್ಟುಬಿಟ್ರು."

ಇವಳು ಕೆಲಸ ಮಾಡುತ್ತಾಳೋ ಇಲ್ಲವೋ ಎಂದು ಅವರು ನೋಡುತ್ತಾರೆಂದುಕೊಂಡಿದ್ದೆ. ಅವರು ನೋಡಿದ್ದು ತಿರುಗಿ ಬರುತ್ತಾಳೋ ಇಲ್ಲವೋ ಎಂದು. ಅವಳನ್ನು ಇಲ್ಲಿಗೆ ಎಳೆದು ತರುವ ಆ ಪುಟ್ಟ ಜೀವವನ್ನು ನಾನೇ ಉತ್ತರದಿಂದ ಅಳಿಸಿಹಾಕಿದ್ದೆ.

"ಶಿಬಿರಕ್ಕೆ ಕಳಿಸೋ ಏಜೆನ್ಸಿಯವರು ಮಗಳ ವಿಷಯ ಮೊದಲು ಹೇಳು ಅಂದಿದ್ರು ಆಂಟಿ," ಎಂದಳು ಮೆಲ್ಲಗೆ. "ನೀವು ಮೂವತ್ತು ವರ್ಷ ಸಂದರ್ಶನ ಮಾಡಿದೋರು, ನಿಮಗೇ ಚೆನ್ನಾಗಿ ಗೊತ್ತಿರತ್ತೆ ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಚಹಾದ ದುಡ್ಡನ್ನೂ ತಾನೇ ಕೊಟ್ಟಳು.

ಮತ್ತೆ ಅರ್ಜಿ ಹಾಕಬಹುದು ಎಂದು ಹಾಳೆಯಲ್ಲಿತ್ತು. ಸುಧಾ ಎರಡು ದಿನ ಕಂಪ್ಯೂಟರ್ ಮುಂದೆ ಕೂತಳು. ಶಿಬಿರ ಶುರುವಾಗುವುದರೊಳಗೆ ಯಾವ ದಿನವೂ ಖಾಲಿ ಇರಲಿಲ್ಲ. "ಪಾಠ ಮಾಡ್ಬೇಡ ಅಂತ ಹೇಳಿದ್ನಲ್ಲ ಅಕ್ಕಾ," ಎಂದಳು.

ಹೊರಡುವ ದಿನ ಟ್ಯಾಕ್ಸಿಯನ್ನು ಪಂಗಾನಿಯ ಕಡೆಗೆ ತಿರುಗಿಸಿದೆ. ಕ್ಷಮೆ ಕೇಳಿದೆ. ಅಚಿಯೆಂಗಳ ತಾಯಿ ಇನ್ನೊಂದು ಮಂಡಾಜಿ ತಟ್ಟೆಗೆ ಹಾಕಿದರು. ನೀಮಾ ನಾನು ಅಂದು ಕೂತಿದ್ದ ಕುರ್ಚಿಯಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿ, ಎದುರಿನ ಗೊಂಬೆಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ, ಉತ್ತರವನ್ನೂ ತಾನೇ ಹೇಳುತ್ತಿದ್ದಳು. ಅವಳ ಮಾತು ನಾನು ಮೆಟ್ಟಿಲಿಳಿಯುವಾಗಲೂ ಕೇಳಿಸಿತು.

"ನಿನಗೆ ಇಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

ತಿರುಗಿ ನೋಡಿದೆ. ಅಚಿಯೆಂಗ್ ಮಗಳನ್ನು ಎತ್ತಿಕೊಂಡು ಬಾಗಿಲಿಗೆ ಬಂದಿದ್ದಳು. ಮಗುವಿನ ಬಾಯಿಗೆ ಅಂಗೈ ಅಡ್ಡ ಹಿಡಿದು, "ಹುಷಾರಾಗಿ ಹೋಗಿ ಬನ್ನಿ ಆಂಟಿ," ಎಂದಳು.