ಕತ್ತಲಲ್ಲಿಟ್ಟ ಆರು ಬೇರು

ಆ ಮನುಷ್ಯ ತನ್ನ ನೆರಳನ್ನೂ ನಂಬುವವನಲ್ಲ. ಲಿಫ್ಟುಗಳನ್ನು ಪರೀಕ್ಷಿಸುವುದು ಅವನ ಉದ್ಯೋಗ. ಉದ್ಯೋಗದಿಂದ ಸ್ವಭಾವ ಬಂತೋ, ಸ್ವಭಾವಕ್ಕೆ ತಕ್ಕ ಉದ್ಯೋಗ ಸಿಕ್ಕಿತೋ, ಹೇಳುವುದು ಕಷ್ಟ. ಉಕ್ಕಿನ ಹಗ್ಗವನ್ನು ಬೆರಳಿನಿಂದ ಸವರಿ ನೋಡದೆ 'ಸರಿಯಿದೆ' ಎಂಬ ಚೀಟಿಗೆ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಸಹಿ ಹಾಕಿದವನಲ್ಲ. ಮನೆಯಲ್ಲೂ ಅದೇ ಕಥೆ. ಹೆಂಡತಿ ಗ್ಯಾಸ್ ಆರಿಸಿ ಬಂದರೆ, ಹಿಂದೆಯೇ ಹೋಗಿ ಗುಂಡಿ ತಿರುಗಿಸಿ ನೋಡುತ್ತಿದ್ದ.

"ನನ್ನ ಉಸಿರಾಟಾನೂ ಪರೀಕ್ಷೆ ಮಾಡಿ ಒಂದು ಚೀಟಿ ಅಂಟಿಸಿಬಿಡಿ," ಎನ್ನುತ್ತಿದ್ದಳು ಅವಳು.

ಅವಳು ಆಸ್ಪತ್ರೆಯಲ್ಲಿ ನರ್ಸು. ವಾರ್ಡಿನಲ್ಲಿ ಎರಡು ತಿಂಗಳು ಮಲಗಿದ್ದ ಮುದುಕ ತೋಟಗಾರನೊಬ್ಬ ಮನೆಗೆ ಹೊರಡುವಾಗ ಒಂದು ಪೊಟ್ಟಣ ಬೀಜ ಕೊಟ್ಟಿದ್ದ. ಕಾಫಿಪುಡಿಗೆ ಬೆರೆಸುವ ಚಿಕೋರಿಯ ಬಳಗದ್ದೇ ಒಂದು ತರಕಾರಿ. ಬೇರು ದಪ್ಪವಾದ ಮೇಲೆ ಕಿತ್ತು, ಎಲೆ ಕತ್ತರಿಸಿ, ಒದ್ದೆ ಮರಳಿನ ಬಕೆಟ್ಟಿನಲ್ಲಿ ನಿಲ್ಲಿಸಿ, ಮುಚ್ಚಳ ಹಾಕಿ ಮೂರು ವಾರ ಕತ್ತಲಲ್ಲಿಡಬೇಕು. ಆಗ ಬೇರಿನ ತಲೆಯಲ್ಲಿ ಬೆಳ್ಳನೆಯ ಮೊಗ್ಗು ಕಟ್ಟುತ್ತದೆ. ಬೆಳಕು ಬಿದ್ದರೆ ಹಸಿರಾಗಿ, ಬಾಯಿಗಿಡಲಾಗದಷ್ಟು ಕಹಿ. "ಬೆಳೆದ್ರೆ ನಂಗೊಂದು ತೋರಿಸಮ್ಮ," ಎಂದಿದ್ದ ಮುದುಕ.

ಆರು ತಿಂಗಳು ಮಹಡಿಯ ಮೇಲೆ ಡಬ್ಬಗಳಲ್ಲಿ ಅವಳು ಸಾಕಿದ್ದು ಹನ್ನೆರಡು ಬೇರು. ಬಕೆಟ್ಟಿಗಿಳಿಸಿದ ಮೊದಲ ಆರು ಹಸಿರಾಗಿ ಹಾಳಾದವು. ಯಾರೋ ಮುಚ್ಚಳ ತೆಗೆದಿದ್ದಾರೆ ಎಂದು ಅವಳು ಅಂದದ್ದೇ ತಡ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಟಾರ್ಚನ್ನು ಬೆನ್ನ ಹಿಂದೆ ಸರಿಸಿದ.

"ದಿನಾ ನೋಡಿದ್ರಾ?"

"ದಿನಕ್ಕೆ ಎರಡೇ ಸಲ."

ಉಳಿದ ಆರನ್ನು ಬಕೆಟ್ಟಿಗಿಳಿಸಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿಟ್ಟು ಎರಡು ವಾರ ಅವಳೇ ಕಾವಲು ಕಾದಳು. ಮೂರನೆಯ ವಾರ ತರಬೇತಿಗೆಂದು ಬೇರೆ ಊರಿಗೆ ಹೋಗಬೇಕಾಯಿತು. ಅವಳು ಮರಳುವುದು ಭಾನುವಾರ. ಮುದುಕ ತಪಾಸಣೆಗೆ ಬರುವುದು ಸೋಮವಾರ. "ಇವೂ ಹೋದ್ರೆ ಬೇರೆ ಇಲ್ಲ," ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.

ಗುರುವಾರ ಬೆಳಿಗ್ಗೆ ಗೂಡಿನಿಂದ ವಾಸನೆ ಬಂತು. ಅವನಿಗೆ ಕೆಂಡದ ಮೇಲೆ ಕೂತಂತಾಯಿತು. ಒಂದು ಕೊಳೆತಿದ್ದರೆ ಈಗಲೇ ಅದನ್ನು ಕಿತ್ತು ಉಳಿದ ಐದನ್ನು ಉಳಿಸಿಕೊಳ್ಳಬೇಕು. ಕೊಳೆತಿಲ್ಲದಿದ್ದರೆ ಮುಚ್ಚಳ ತೆಗೆದದ್ದೇ ಅಪರಾಧ. ಕೆಲಸಕ್ಕೆ ಬೂಟು ಹಾಕಿಕೊಂಡವನು ನಾಲ್ಕು ಸಲ ಬಗ್ಗಿ ಮೂಸಿದ. ಫೋನ್ ಮಾಡಿದ.

"ಕೊಳೆತ ವಾಸನೆನಾ, ಹಸಿ ಮರಳಿನ ವಾಸನೆನಾ?" ಎಂದಳು ಅವಳು.

"ಮೂಗಿಗೆ ಗೊತ್ತಾಗ್ತಿಲ್ಲ ಕಣೇ. ಕಣ್ಣಿಗೆ ಬಿದ್ರೆ ಹೇಳಬಹುದು."

"ಹೊರಡೋ ಮುಂಚೆ ನೀರು ಹಾಕಿದ್ದೆ. ಅದೇ ಇರುತ್ತೆ."

"ಇರುತ್ತೆ ಅಂದ್ರೆ? ನೀನು ನೋಡಿದೀಯಾ?"

"ನಿಮ್ಮಿಷ್ಟ ರೀ. ಬಕೆಟ್ಟು ನಿಮ್ಮ ಹತ್ರ ಇದೆ."

ಬೈದಿದ್ದರೆ ಸಲೀಸಾಗಿರುತ್ತಿತ್ತು. ಒಂದು ಕೈಗೆ ಟಾರ್ಚು ಬಂದಿತ್ತು. ಇನ್ನೊಂದು ಮುಚ್ಚಳದ ಅಂಚು ಹಿಡಿದಿತ್ತು. ಕುಕ್ಕರಗಾಲಲ್ಲಿ ಎಷ್ಟು ಹೊತ್ತು ಕೂತನೋ, ಕಾಲು ಜೋಮು ಹಿಡಿಯಿತು. ಆಮೇಲೆ ಟಾರ್ಚು ಕೆಳಗಿಟ್ಟು, ಕೆಲಸದ ಚೀಲದಿಂದ ಪರೀಕ್ಷೆಯ ಚೀಟಿಯೊಂದನ್ನು ಎಳೆದ. ದಿನಾಂಕ ಬರೆದ. 'ಪರೀಕ್ಷಿಸಿದವರು' ಎಂಬಲ್ಲಿ ಹೆಂಡತಿಯ ಹೆಸರು ತುಂಬಿ, 'ಸರಿಯಿದೆ' ಎಂಬುದರ ಕೆಳಗೆ ತನ್ನ ಸಹಿ ಹಾಕಿ, ಮುಚ್ಚಳಕ್ಕೂ ಬಕೆಟ್ಟಿಗೂ ಸೇರುವಂತೆ ಅಂಟಿಸಿದ.