ತಿಪ್ಪೇಸ್ವಾಮಿಯ ಬಿಸಿಲು ಪ್ಯಾಂಟು

ಭೈರವಾನಿತಿಪ್ಪದ ತಿಪ್ಪೇಸ್ವಾಮಿಗೆ ಕುರಿಗಳೆಂದರೆ ಭಯ. ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನಿಗೆ ಇದು ಸಣ್ಣ ತೊಂದರೆಯೇನಲ್ಲ. ಏಳು ವರ್ಷದವನಿದ್ದಾಗ ಟಗರೊಂದು ಹಿಂದಿನಿಂದ ಗುದ್ದಿ ಅವನನ್ನು ಹುಣಸೆಮರದ ಬುಡಕ್ಕೆ ಎಸೆದಿತ್ತು. ಅಂದಿನಿಂದ ಹಿಂಡು ಎಡಕ್ಕೆ ಹೋದರೆ ಅವನು ಬಲಕ್ಕೆ. ಹದಿನೇಳು ತುಂಬುತ್ತಲೇ ಬಳ್ಳಾರಿಯ ಜೀನ್ಸ್ ಶೆಡ್ಡಿಗೆ ಸೇರಿದ. ಅಲ್ಲಿಂದ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಹನ್ನೊಂದು ವರ್ಷ ಬರೀ ಎಡಜೇಬು ಹೊಲಿದ. ಬಲಜೇಬು ಹೊಲಿಯುತ್ತಿದ್ದವನು ಯಾರೆಂದು ಕೊನೆಗೂ ಅವನಿಗೆ ತಿಳಿಯಲಿಲ್ಲ. ಕೊರೊನಾ ಬಂದು ಕಾರ್ಖಾನೆ ಮುಚ್ಚಿದಾಗ ರಾಯದುರ್ಗಕ್ಕೆ ಬಂದು, ಒಂದು ಕೋಣೆಯಲ್ಲಿ ಎರಡು ಮಿಷನ್ ಹಾಕಿಕೊಂಡು, ಮೊದಲ ಸಲ ಇಡೀ ಪ್ಯಾಂಟನ್ನು ಒಬ್ಬನೇ ಹೊಲಿದ. ಅದರ ಎರಡೂ ಜೇಬು ಎಡಗಡೆಯೇ ಇದ್ದವೆಂದು ಬೀದಿಯವರು ಹೇಳುತ್ತಾರೆ. ಅವನು ಒಪ್ಪುವುದಿಲ್ಲ.

ವಯಸ್ಸು ಮೂವತ್ತನಾಲ್ಕಾಗಿತ್ತು, ಮದುವೆಯಾಗಿರಲಿಲ್ಲ. ಹೆಣ್ಣಿನ ಮನೆಗಳಲ್ಲಿ ಏನು ಕೇಳಿದರೂ "ಹ್ಞೂಂ" ಎನ್ನುವುದಷ್ಟೇ ಅವನಿಗೆ ಬರುತ್ತಿತ್ತು.

ಆ ವರ್ಷದ ಚಳಿಗಾಲಕ್ಕೆ ಮುಂಚೆ ಶಿವಲೀಲಾ ಎಂಬವರು ಅವನನ್ನು ಹುಡುಕಿಕೊಂಡು ಬಂದರು. ರಾಯದುರ್ಗದವರೇ, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದರು. ಕಪ್ಪು ಕಾಗದದಲ್ಲಿ ಸುತ್ತಿದ ಹಳದಿ ಬಟ್ಟೆಯ ಥಾನು ತಂದಿದ್ದರು. ಬೆಳಗಿನ ಜಾವ ಹಿಂಡು ಕಾಯುವವರು ತೊಡಲು ಇದರಲ್ಲಿ ಇಪ್ಪತ್ತು ತೋಳಿಲ್ಲದ ಅಂಗಿ ಹೊಲಿದುಕೊಡಬೇಕಿತ್ತು.

"ಈ ಬಟ್ಟಿ ಮ್ಯಾಲೆ ಕಣ್ಣಿಗೆ ಕಾಣದಷ್ಟು ಸಣ್ಣ ಅಣುಗಳನ್ನ ಲೇಪನ ಮಾಡೀವಿ," ಎಂದರು ಶಿವಲೀಲಾ. "ಬಿಸಿಲು ಬಿದ್ದರ ಅವು ಮಂಡಿ ಮಡಚಿಕೊಂಡು ಕೂಡ್ತಾವ. ನೀಲಿ ಬೆಳಕು ಬಿದ್ದರ ಕಾಲು ಚಾಚ್ತಾವ, ಆವಾಗ ಹಿಡಿದಿಟ್ಟ ಬಿಸಿ ಹೊರಗ ಬರ್ತದ."

ಕರೆಂಟು ಬೇಡವೇ, ಬ್ಯಾಟರಿ ಬೇಡವೇ ಎಂದು ಕೇಳಬೇಕೆನಿಸಿತು ತಿಪ್ಪೇಸ್ವಾಮಿಗೆ. "ಹ್ಞೂಂ" ಎಂದ. ಮಿಕ್ಕ ಚೂರುಗಳನ್ನೆಲ್ಲ ಕಪ್ಪು ಕಾಗದದಲ್ಲೇ ಸುತ್ತಿ ವಾಪಸು ಕೊಡಬೇಕೆಂದು ಅವರು ಹೇಳಿದಾಗಲೂ "ಹ್ಞೂಂ" ಎಂದ.

ಅಂಗಿಗಳು ಮುಗಿದವು. ಮಿಕ್ಕ ಚೂರು ಎರಡೂಕಾಲು ಮೀಟರ್ ಉದ್ದವಿತ್ತು. ಕತ್ತರಿಯಿಂದ ಉಳಿದದ್ದು ದರ್ಜಿಯದು ಎಂಬುದು ಅವನು ಬಳ್ಳಾರಿಯಲ್ಲಿ ಕಲಿತ ನ್ಯಾಯ. ಮಡಕಶಿರಾ ಕಡೆಯ ರೊಳ್ಳ ಎಂಬ ಊರಿನಿಂದ ಹೆಣ್ಣು ನೋಡಲು ಬರುವಂತೆ ಹೇಳಿಕೆ ಬಂದಿತ್ತು, ಒಳ್ಳೆಯ ಪ್ಯಾಂಟಿರಲಿಲ್ಲ. ಹೊಲಿದುಕೊಂಡ. ಇಸ್ತ್ರಿ ಮಾಡಿ ಒಂದು ದಿನವಿಡೀ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ.

ಹೊರಡುವ ದಿನ ತಾಯಿ ಉಜ್ಜಿನಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನೆ ಅರಿಶಿಣ ಇತ್ತಲ್ಲೋ. ಇವತ್ಯಾಕ ಕಾವಿ ಆಗ್ಯಾದ? ಸನ್ಯಾಸಿ ಬಂದಾನ ಅಂತ ತಿಳಿದಾರು."

ಬದಲಿಸಲು ಬೇರೆ ಪ್ಯಾಂಟಿರಲಿಲ್ಲ. ತಾಯಿಯ ಜೊತೆ ಹೊರಟು ಮಡಕಶಿರಾವರೆಗೆ ಬಸ್ಸಿನ ಕಿಟಕಿ ಪಕ್ಕ ಕೂತ. ಅಲ್ಲಿಂದ ರೊಳ್ಳಕ್ಕೆ ಆಟೋದಲ್ಲಿ ಡ್ರೈವರನ ಪಕ್ಕ ಅರ್ಧ ಹೊರಗೆ ನೇತಾಡುತ್ತ, ತೊಡೆಯ ಮೇಲೆ ಮಧ್ಯಾಹ್ನದ ಬಿಸಿಲು ಹೊತ್ತುಕೊಂಡು ಬಂದ.

ಹೆಣ್ಣಿನ ತಂದೆ ಲಕ್ಷ್ಮೀನರಸಪ್ಪನಿಗೆ ಹಿಪ್ಪುನೇರಳೆ ತೋಟವಿತ್ತು. ಜೊತೆಗೆ ಶಾಮಿಯಾನ, ಲೈಟು ಬಾಡಿಗೆಗೆ ಕೊಡುತ್ತಿದ್ದ. ಪಕ್ಕದ ಕೋಣೆಯಲ್ಲಿ ರೇಷ್ಮೆಹುಳು ಇದ್ದುದರಿಂದ ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿದ್ದರು. ಬಾಗಿಲಿನಿಂದ ಬರುವ ಬೆಳಕು ಬೀಗರಿಗೆ ಸಾಲದೆಂದು ಲಕ್ಷ್ಮೀನರಸಪ್ಪ ಒಂದು ಫೋಕಸ್ ಲೈಟು ತಂದ. ಬಿಳಿ ಲೈಟು, ಹಸಿರು ಲೈಟು ಅಗಳಿ ಊರಿನ ಮದುವೆಗೆ ಹೋಗಿದ್ದವು. ಮನೆಯಲ್ಲಿ ಉಳಿದದ್ದು ನೀಲಿ. ಇಟ್ಟ ಸ್ಟೂಲು ಗಿಡ್ಡದಾಗಿ ಬೆಳಕು ಯಾರ ಮುಖಕ್ಕೂ ಬೀಳಲಿಲ್ಲ, ನೇರವಾಗಿ ತಿಪ್ಪೇಸ್ವಾಮಿಯ ತೊಡೆಗೆ ಬಿತ್ತು.

ಎರಡು ನಿಮಿಷ ಆಗಿರಬಹುದು. ತೊಡೆಯ ನಡುವೆ ಬೆಚ್ಚಗಾಯಿತು. ಇಂಥ ಬಿಸಿಯನ್ನು ಅವನು ಮೂರನೇ ತರಗತಿಯ ನಂತರ ಅನುಭವಿಸಿರಲಿಲ್ಲ. ಶಿವಲೀಲಾ ಹೇಳಿದ ಅಣುಗಳು ನೆನಪಿಗೆ ಬರಬೇಕಿತ್ತು. ಬಂದದ್ದು ಮೂರನೇ ತರಗತಿಯಲ್ಲಿ ಒದ್ದೆ ಮಾಡಿದ್ದ ಬೆಂಚು. ಎದುರಿಗಿದ್ದ ಮಂಡಕ್ಕಿ ತಟ್ಟೆಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡ. ಸ್ವಲ್ಪ ಹೊತ್ತಿಗೆ ಬಗ್ಗಿ ನೋಡಿದರೆ, ತಟ್ಟೆಯ ಅಡಿಯಿಂದ ಹೊರಟಂತೆ ಕಾವಿಯ ಮೇಲೆ ಹಳದಿ ಬಣ್ಣ ನಾಲ್ಕೂ ಕಡೆ ಹರಡಿ ಮೊಣಕಾಲಿನತ್ತ ಸಾಗುತ್ತಿತ್ತು.

ಅಷ್ಟರಲ್ಲಿ ಹುಡುಗಿ ನಾಗಮಣಿ ಕಾಫಿ ತಂದಳು. ಹಿಂದೂಪುರದ ಕಡೆ ಗಾರ್ಮೆಂಟ್ಸಿನಲ್ಲಿ ಐದು ವರ್ಷ ಚೆಕ್ಕಿಂಗ್ ಮಾಡಿದವಳು. ಬೆಂಗಳೂರಿನಲ್ಲಿ ಯಾವ ಹೊಲಿಗೆ ಲೈನಿನಲ್ಲಿ ಇದ್ದಿರೆಂದು ಕೇಳಿದಳು. "ಹ್ಞೂಂ" ಎಂದ. ಆಮೇಲೆ ಎಲ್ಲರೂ ತೋಟ ನೋಡಲು ಎದ್ದರು. ತಿಪ್ಪೇಸ್ವಾಮಿ ಏಳಲಿಲ್ಲ. ತಾಯಿ ಕಣ್ಣು ಬಿಟ್ಟಳು. ಇನ್ನೊಂದು ತಟ್ಟೆ ಮಂಡಕ್ಕಿ ಬೇಕೆಂದು ಹೇಳಿದ. ಆ ಮನೆಯಲ್ಲಿ ಅವನಾಡಿದ ಮೊದಲ ಪೂರ್ತಿ ಮಾತು ಅದು. ಅದು ಮುಗಿಯಿತು, ಇನ್ನೊಂದು ಕೇಳಿದ. ಪ್ರತಿ ಸಲವೂ ತಟ್ಟೆಯನ್ನು ಮೇಲೆತ್ತಗೊಡದೆ, ತೊಡೆಯ ಮೇಲೆಯೇ ಬಡಿಸಿಕೊಂಡ. ನಾಲ್ಕನೆಯದಕ್ಕೆ ಲಕ್ಷ್ಮೀನರಸಪ್ಪ, ಆ ಕಡೆಯವರ ಪದ್ಧತಿ ಹೀಗೇ ಇರಬಹುದೆಂದು ಹೆಂಡತಿಗೆ ಗುಟ್ಟಾಗಿ ತೆಲುಗಿನಲ್ಲಿ ಹೇಳಿದ. ತೆಲುಗು ಅಲ್ಲಿದ್ದವರಿಗೆಲ್ಲ ಬರುತ್ತಿತ್ತು. ಉಜ್ಜಿನಮ್ಮ ತಲೆ ತಗ್ಗಿಸಿಕೊಂಡು ತೋಟಕ್ಕೆ ನಡೆದಳು, ಉಳಿದವರೂ ಹಿಂದೆ ಹೋದರು.

ನಾಗಮಣಿ ಐದನೇ ಸಲ ಬಡಿಸಲು ಬಂದು, ಖಾಲಿ ತಟ್ಟೆಯನ್ನು ತಟಕ್ಕನೆ ಎತ್ತಿಬಿಟ್ಟಳು. ತಿಪ್ಪೇಸ್ವಾಮಿ ಕಣ್ಣು ಮುಚ್ಚಿಕೊಂಡ. ಸತ್ತರೆ ಚೆನ್ನಾಗಿತ್ತು ಎನಿಸಿತು, ಆದರೆ ಹೊಟ್ಟೆಯಲ್ಲಿ ನಾಲ್ಕು ತಟ್ಟೆ ಮಂಡಕ್ಕಿ ಇಟ್ಟುಕೊಂಡು ಸಾಯುವುದೂ ಸರಿಯಲ್ಲ.

ಅವಳು ನಗಲಿಲ್ಲ. ಚೆಕ್ಕಿಂಗ್ ಮೇಜಿಗೆ ಬಂದ ಬಟ್ಟೆಯನ್ನು ನೋಡುವಂತೆ ಬಗ್ಗಿ ನೋಡಿದಳು. ಹಳದಿ ಪ್ಯಾಂಟಿನ ನಟ್ಟನಡುವೆ ತಟ್ಟೆಯಷ್ಟೇ ದುಂಡಗೆ ಕಾವಿ ಉಳಿದಿತ್ತು. ಬೆರಳ ಹಿಂಭಾಗದಿಂದ ಮೊಣಕಾಲಿನ ಹತ್ತಿರ ಮುಟ್ಟಿದಳು.

"ಒಣಗೇ ಐತೆ. ಲೈಟು ಬಿದ್ದ ಕಡೆ ಬಣ್ಣ ಹೋಗೈತೆ, ತಟ್ಟೆ ಇದ್ದ ಕಡೆ ಹಂಗೇ ಐತೆ. ನೀವೇನೂ ಮಾಡ್ಕಂಡಿಲ್ಲ, ಎದ್ದೇಳಿ."

ತಿಪ್ಪೇಸ್ವಾಮಿ ಕಣ್ಣು ತೆರೆದ. ಆಮೇಲೆ ಬಾಯಿಯೂ ತೆರೆಯಿತು. ಅಣು, ಮಂಡಿ, ಬಿಸಿಲು, ಕಪ್ಪು ಕಾಗದ, ಮೂರನೇ ತರಗತಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮೂವತ್ತನಾಲ್ಕು ವರ್ಷದ ಮಾತು ಕಾಲು ಗಂಟೆಯಲ್ಲಿ ಬಂತು. ಬಟ್ಟೆ ಯಾರದೆಂದು ನಾಗಮಣಿ ಕೇಳಿದಳು. ಮಿಕ್ಕ ಚೂರು ಎಂದ.

"ಎರಡೂಕಾಲು ಮೀಟ್ರು ಚೂರಾ? ಮೊದ್ಲು ಆ ಮೇಡಂಗೆ ಫೋನ್ ಮಾಡಿ ನಿಜ ಹೇಳಿ. ಮದುವೆ ಮಾತು ಆಮೇಲೆ."

ಅಲ್ಲೇ ನಿಂತು ಫೋನು ಮಾಡಿದ. ಶಿವಲೀಲಾ ಬೈಯುತ್ತಾರೆಂದು ಕಾದರೆ, ಅವರು ಪೆನ್ನು ಹುಡುಕುತ್ತಿದ್ದರು. ಬಟ್ಟೆಯನ್ನು ಇಷ್ಟು ಚೆನ್ನಾಗಿ ಯಾರೂ ಪರೀಕ್ಷೆ ಮಾಡಿರಲಿಲ್ಲವಂತೆ. ಎಷ್ಟು ಬಿಸಿಯಾಯಿತೆಂದು ಕೇಳಿದರು.

"ಮರ್ಯಾದಿ ಹೋಗೋವಷ್ಟು ಆತ್ರಿ," ಎಂದ ತಿಪ್ಪೇಸ್ವಾಮಿ.

ಎಷ್ಟು ಹೊತ್ತು ಎಂಬ ಪ್ರಶ್ನೆಗೆ ನಾಗಮಣಿ ಫೋನು ಇಸಿದುಕೊಂಡು ಉತ್ತರಿಸಿದಳು: ಮೊದಲ ತಟ್ಟೆಯಿಂದ ನಾಲ್ಕನೆಯ ತಟ್ಟೆಯವರೆಗೆ, ಸುಮಾರು ಇಪ್ಪತ್ತೈದು ನಿಮಿಷ.

ತೋಟದಿಂದ ಮರಳಿದ ಉಜ್ಜಿನಮ್ಮ ಬಾಗಿಲಲ್ಲೇ ನಿಂತಳು. ಮಗ ಎದ್ದು ನಿಂತು ಹುಡುಗಿಯ ಜೊತೆ ಮಾತಾಡುತ್ತಿದ್ದ, ನೀಲಿ ಬೆಳಕಿಗೆ ನಡುವಿನ ಕಾವಿಯೂ ಹೋಗಿ ಅರಿಶಿಣ ಬಂದಿತ್ತು. ಅವಳು ಒಳಗೆ ಬಂದವಳೇ ಮುಹೂರ್ತ ಯಾವಾಗ ಇಡೋಣ ಎಂದು ಲಕ್ಷ್ಮೀನರಸಪ್ಪನನ್ನು ಕೇಳಿದಳು.

ಮದುವೆ ಮಡಕಶಿರಾದಲ್ಲಿ ಆಯಿತು. ಮದುಮಗನಿಗೆ ಬಿಳಿ ಪಂಚೆಯನ್ನೇ ಉಡಿಸಬೇಕೆಂದು ಎರಡೂ ಕಡೆಯವರು ಮೊದಲೇ ಮಾತಾಡಿಕೊಂಡಿದ್ದರು. ಆ ಅಂಗಿಗಳನ್ನು ಕುರಿ ಕಾಯುವವರು ಒಂದು ಚಳಿಗಾಲ ತೊಟ್ಟರು. ಹಗಲೆಲ್ಲ ಬಿಸಿಲು ತುಂಬಿಸಿ, ಬೆಳಗಿನ ಜಾವ ನೀಲಿ ಟಾರ್ಚು ಹಿಡಿದು ಬೆಚ್ಚಗಾಗುತ್ತಿದ್ದರು. ಆದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಲೇಪನ ಸವೆದುಹೋಯಿತು. ಬಟ್ಟೆಯ ಸಹವಾಸ ಬೇಡವೆಂದು ಶಿವಲೀಲಾ ಈಗ ಕಿಟಕಿಯ ಗಾಜಿಗೆ ಅದನ್ನೇ ಹಚ್ಚಿ ನೋಡುತ್ತಿದ್ದಾರೆ.

ನಾಗಮಣಿ ರಾಯದುರ್ಗಕ್ಕೆ ಬಂದ ಮೂರನೇ ದಿನ ಗಂಡನ ಕೋಣೆಯಲ್ಲಿ ಒಂದು ಮೇಜು ಹಾಕಿಸಿ ಚೆಕ್ಕಿಂಗಿಗೆ ಕೂತಳು. ಆ ಒಂದೇ ದಿನ ಅವನ ಹನ್ನೊಂದು ಪ್ಯಾಂಟು ವಾಪಸು ಹಾಕಿದಳು. ಒಂಬತ್ತನ್ನು ಅವನು ಒಪ್ಪಿಕೊಂಡು ಹೊಲಿಗೆ ಬಿಚ್ಚಿದ. ಉಳಿದ ಎರಡರ ಬಗ್ಗೆ ಅವರ ಜಗಳ ಇನ್ನೂ ನಡೆದಿದೆ. ಹೆಚ್ಚು ಮಾತು ಅವನದೇ.